ಕೆಲೈಡೋಸ್ಕೋಪ್ ಕೌದಿಗೆ ಎಂಥ ಪ್ರಿಂಟ್ ಬಟ್ಟೆ ಆರಿಸಬೇಕು?

ಹೊಸಹೊಲಿಗೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಚೌಕ ತುಂಡುಗಳನ್ನು ಜೋಡಿಸಿ ಕೌದಿ ಹೊಲಿದು ಅಭ್ಯಾಸವಿದೆ. ಈಗ ಕೆಲೈಡೋಸ್ಕೋಪ್ ಮಾದರಿಯದನ್ನು ಹೊಲಿಯಬೇಕೆಂದು ಮನಸ್ಸಾಗಿದೆ. ಒಂದೇ ಬಟ್ಟೆಯ ಆರು ಪದರಗಳನ್ನು ಚಿತ್ತಾರದ ಮೇಲೆ ಅದೇ ಚಿತ್ತಾರ ಕೂರುವಂತೆ ಪೇರಿಸಿ, ಒಟ್ಟಿಗೆ ತ್ರಿಕೋನಗಳಾಗಿ ಕತ್ತರಿಸಿ, ಒಂದೇ ಬಗೆಯ ಆರು ತ್ರಿಕೋನಗಳಿಂದ ಒಂದೊಂದು ಷಟ್ಕೋನ ಮಾಡುವ ವಿಧಾನ. ಕತ್ತರಿಸುವುದು, ಹೊಲಿಯುವುದು ಅರ್ಥವಾಗಿದೆ. ಬಟ್ಟೆಯ ಆಯ್ಕೆಯೇ ಬಗೆಹರಿಯುತ್ತಿಲ್ಲ.

ಅಂಗಡಿಯಲ್ಲಿ ಮೂರು ಬಟ್ಟೆ ನೋಡಿಟ್ಟು ಬಂದಿದ್ದೇನೆ, ಮೂರೂ ಹತ್ತಿಯವು. ಮೊದಲನೆಯದು ಕ್ಯಾಂಬ್ರಿಕ್, ತಿಳಿಗುಲಾಬಿ ನೆಲದ ಮೇಲೆ ಒತ್ತೊತ್ತಾಗಿ ಪುಟ್ಟ ಹೂಗಳು. ಎರಡನೆಯದು ನೈಟಿ ಬಟ್ಟೆ: ಕಡುನೀಲಿಯ ಮೇಲೆ ಅಂಗೈ ಅಗಲದ ಕೇಸರಿ, ಹಳದಿ ಹೂಗಳು, ಬಳುಕುವ ಬಳ್ಳಿ. ನೋಡಲು ತುಸು ಅಬ್ಬರ. ಮೂರನೆಯದು ಆಂಧ್ರದ ಪೆಡನದ ಅಚ್ಚಿನ ಕಲಂಕಾರಿ. ಮೊದಲನೆಯದು ಕಣ್ಣಿಗೆ ತಂಪಾಗಿರುವುದರಿಂದ ಮನಸ್ಸು ಅದರ ಕಡೆ ವಾಲುತ್ತಿದೆ. ಯಾವುದನ್ನು ತರಲಿ, ಎಷ್ಟು ಮೀಟರ್ ತರಲಿ?

ಏಳುಬಣ್ಣ (ನ್ಯೂಜೆರ್ಸಿ)

ಆ ಕ್ಯಾಂಬ್ರಿಕ್ ಬೇಡವೇ ಬೇಡ. ಉಡುಪಿಗೆ ಚೆನ್ನ, ಚೌಕದ ಕೌದಿಗೂ ಚೆನ್ನ. ಈ ಕೆಲಸಕ್ಕೆ ಒದಗುವುದಿಲ್ಲ. ಒತ್ತೊತ್ತಾದ ಪುಟ್ಟ ಹೂವಿನ ಬಟ್ಟೆಯಲ್ಲಿ ಎಲ್ಲಿ ಕತ್ತರಿಸಿದರೂ ತ್ರಿಕೋನದೊಳಗೆ ಸಿಗುವುದು ಅದೇ ಗುಲಾಬಿ ನೆಲ, ಅದೇ ಹೂ. ಆರನ್ನು ಸೇರಿಸಿದರೂ ಮತ್ತೆ ಅದೇ. ನೂರು ಷಟ್ಕೋನ ಹೊಲಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ಒಂದು ಹೊಲಿಗೆಯನ್ನೂ ಹಾಕದ ಗುಲಾಬಿ ಬಟ್ಟೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಪಕ್ಕಪಕ್ಕದ ಎರಡು ಷಟ್ಕೋನಗಳು ಒಂದೇ ಬಟ್ಟೆಯಿಂದ ಬಂದವೆಂದು ನಂಬಲು ಕಷ್ಟವಾಗಬೇಕು. ಈ ಕೌದಿಯ ಸೊಗಸೆಲ್ಲ ಅಲ್ಲಿದೆ. ಹಾಗಾಗಬೇಕಾದರೆ ಬಟ್ಟೆಯ ಒಂದು ಜಾಗ ಇನ್ನೊಂದು ಜಾಗದಂತೆ ಇರಬಾರದು.

ಥಾನು ಬಿಚ್ಚಿಸಿ ದೂರದಿಂದ ನೋಡಿ ಮೆಚ್ಚುವುದು ನಮ್ಮೆಲ್ಲರ ಅಭ್ಯಾಸ. ಸೀರೆ ಆರಿಸುವ ಕಣ್ಣು ಅದು. ಇಲ್ಲಿ ಬೇರೆ ಕಣ್ಣು ಬೇಕು. ಒಂದು ದಪ್ಪ ಕಾಗದದಲ್ಲಿ ಮೂರು ಇಂಚು ಎತ್ತರದ, ಮೂರೂ ಬದಿ ಸಮವಿರುವ ತ್ರಿಕೋನದ ಕಿಂಡಿ ಕತ್ತರಿಸಿಕೊಂಡು ಅಂಗಡಿಗೆ ಹೋಗಿ. ಬಟ್ಟೆಯ ಮೇಲೆ ಆ ಕಿಂಡಿಯನ್ನು ನಿಧಾನವಾಗಿ ಸರಿಸುತ್ತಾ ಹೋಗಿ. ನಾಲ್ಕು ಬೆರಳು ಸರಿಸಿದಾಗಲೆಲ್ಲ ಒಳಗೆ ಹೊಸದೇನಾದರೂ ಬರುತ್ತಿದೆಯೇ? ದಳದ ಅಂಚು, ಬಳ್ಳಿಯ ತಿರುವು, ಬಣ್ಣದಿಂದ ಬಣ್ಣಕ್ಕೆ ಜಾರುವ ಜಾಗ? ಬರುತ್ತಿದ್ದರೆ ಕೊಳ್ಳಿ. ಹೂವಿಗಿಂತ ಹೂವಿನ ಅಂಚು ಮುಖ್ಯ, ಎಲೆಗಿಂತ ಎಲೆಯ ಬಾಗು ಮುಖ್ಯ. ಏಕೆಂದರೆ ಇಡೀ ಹೂ ಈ ಕೌದಿಯಲ್ಲಿ ಎಲ್ಲಿಯೂ ಉಳಿಯುವುದಿಲ್ಲ.

ಎರಡನೆಯ ಪರೀಕ್ಷೆ: ಬಟ್ಟೆಯ ಫೋಟೊ ತೆಗೆದು ಮೊಬೈಲ್‌ನಲ್ಲೇ ಕಪ್ಪುಬಿಳುಪು ಮಾಡಿ ನೋಡಿ. ಕಪ್ಪು, ಬೂದು, ಬಿಳಿ ಮೂರೂ ಸ್ಪಷ್ಟವಾಗಿ ಬೇರೆಬೇರೆ ಕಂಡರೆ ಷಟ್ಕೋನದಲ್ಲಿ ನಕ್ಷತ್ರ, ಚಕ್ರಗಳು ಎದ್ದು ಕಾಣುತ್ತವೆ. ಕೆಂಪು ಹಸಿರು ಎಷ್ಟೇ ಢಾಳಾಗಿದ್ದರೂ ಫೋಟೊದಲ್ಲಿ ಎರಡೂ ಒಂದೇ ಬೂದು ಬಣ್ಣವಾದರೆ ಹೊಲಿದ ಮೇಲೆ ಅವು ಕಲಸಿಹೋಗುತ್ತವೆ.

ಕಿಂಡಿಗಿಂತ ದೊಡ್ಡದಾದ ಖಾಲಿ ನೆಲ ಬಟ್ಟೆಯಲ್ಲಿ ಹೆಚ್ಚಿರಬಾರದು. ಅಲ್ಲೊಂದು ಇಲ್ಲೊಂದು ಸಾದಾ ಷಟ್ಕೋನ ಬಂದರೆ ಕಣ್ಣಿಗೆ ವಿಶ್ರಾಂತಿ. ಅರ್ಧಕ್ಕರ್ಧ ಸಾದಾ ಆದರೆ ಕೆಲಸವೇ ವ್ಯರ್ಥ.

ನಿಮ್ಮ ನೈಟಿ ಬಟ್ಟೆ ನೀವು ಹೇಳಿದಂತೆಯೇ ಇದ್ದರೆ ಅದೇ ಸರಿ. ಅಬ್ಬರ ಅನ್ನಿಸುವ ಬಟ್ಟೆಗಳೇ ಕತ್ತರಿಸಿದ ಮೇಲೆ ಅರಳುತ್ತವೆ. ಅಮೆರಿಕದ ಹಳೆಯ ಕೌದಿಗಳಲ್ಲಿ ಕೋರಮಂಡಲ ಕರಾವಳಿಯಿಂದ ಹೋದ ದೊಡ್ಡ ಹೂಬಳ್ಳಿಯ ಚಿಂಟ್ಸ್ ಬಟ್ಟೆಯನ್ನು ಹೂವಿನ ಆಕಾರಕ್ಕೆ ಕತ್ತರಿಸಿ ಹೊಲಿದಿರುವುದನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ದೊಡ್ಡ ಚಿತ್ತಾರದ ಮೇಲೆ ಕತ್ತರಿ ಆಡಿಸುವ ಆಸೆ ಕೌದಿಯವರಿಗೆ ಅಂದಿನಿಂದಲೂ ಇದೆ.

ಲೆಕ್ಕದ ಮೇಷ್ಟ್ರು (ಶಿವಮೊಗ್ಗ)

ಮನೆಯವರು ಹೊಲಿಯುತ್ತಾರೆ, ಅಳತೆ ನನ್ನ ಪಾಲು. ಎಷ್ಟು ಮೀಟರ್ ಎಂಬ ಪ್ರಶ್ನೆಗೆ ನೇರ ಉತ್ತರ ಇಲ್ಲ. ಮೊದಲು ರಿಪೀಟ್ ಅಳೆಯಬೇಕು. ಅಂದರೆ ಒಂದು ಹೂವಿನ ತುದಿಯಿಂದ ಹೊರಟು, ಥಾನಿನ ಉದ್ದಕ್ಕೆ ಹೋಗುತ್ತಾ, ಅದೇ ಹೂವಿನ ಅದೇ ತುದಿ ಮತ್ತೆ ಸಿಗುವವರೆಗಿನ ದೂರ. ಅದೇ ತರಹದ ಹೂ ಸಿಕ್ಕಿತೆಂದು ನಿಲ್ಲಬೇಡಿ. ಸುತ್ತಲಿನ ಎಲೆಗಳೂ ಅದೇ ಆಗಿರಬೇಕು.

ಉರುಳೆ ಜಾಲರಿಯ ಯಂತ್ರದಲ್ಲಿ ಅಚ್ಚಾದ ಬಟ್ಟೆಗಳಲ್ಲಿ 64 ಸೆಂ.ಮೀ. ರಿಪೀಟ್ ತೀರಾ ಸಾಮಾನ್ಯ, ಉರುಳೆಯ ಸುತ್ತಳತೆಯೇ ಅಷ್ಟಿರುತ್ತದೆ. ಅದರ ಅರ್ಧ 32, ಕಾಲು 16 ಕೂಡ ಸಿಗುತ್ತವೆ. ಅಮೆರಿಕದ ಕೌದಿ ಬಟ್ಟೆಗಳಲ್ಲಿ 24 ಇಂಚು, ಅಂದರೆ ಸುಮಾರು 61 ಸೆಂ.ಮೀ. ರಿಪೀಟನ್ನು ಹೆಚ್ಚಾಗಿ ಕಾಣಬಹುದು.

ಷಟ್ಕೋನಕ್ಕೆ ಆರು ಪದರ: 64ನ್ನು ಆರರಿಂದ ಗುಣಿಸಿದರೆ 384 ಸೆಂ.ಮೀ. ಒಗೆದಾಗ ಕುಗ್ಗುವುದು, ಅಂಗಡಿಯವರು ಚಿತ್ತಾರದ ನಡುವೆ ಕತ್ತರಿಸಿರುವುದು, ಎಲ್ಲವನ್ನೂ ಸೇರಿಸಿ ನಾಲ್ಕೂಕಾಲು ಮೀಟರ್ ತನ್ನಿ. ಎಂಟು ತುಂಡುಗಳ ಅಷ್ಟಕೋನ ಮಾಡುವುದಾದರೆ ಎಂಟು ಪದರ, ಐದೂವರೆ ಮೀಟರ್ ಬೇಕು.

ಇದರಿಂದ ಎಷ್ಟು ಸಿಗುತ್ತದೆ? ಮೂರೂಮುಕ್ಕಾಲು ಇಂಚು ಅಗಲದ ಪಟ್ಟಿಗಳು 64 ಸೆಂ.ಮೀ.ನಲ್ಲಿ ಆರು ಬರುತ್ತವೆ. 110 ಸೆಂ.ಮೀ. ಪನ್ನಾದ (ಅಗಲದ) ಬಟ್ಟೆಯ ಒಂದು ಪಟ್ಟಿಯಲ್ಲಿ ತಲೆಕೆಳಗು ಮಾಡಿ ಜೋಡಿಸಿದರೆ 18 ತ್ರಿಕೋನ. ಆರು ಪದರ ಒಟ್ಟಿಗೆ ಕತ್ತರಿಸುವುದರಿಂದ ಅಂಥ ಒಂದೊಂದು ತ್ರಿಕೋನಕ್ಕೂ ಒಂದು ಷಟ್ಕೋನ, ಒಟ್ಟು 108. ಹೊಲಿದ ಮೇಲೆ ಪ್ರತಿ ಷಟ್ಕೋನ ಎದುರುಬದುರು ಆರು ಇಂಚು. ಎಲ್ಲ ಸೇರಿಸಿದರೆ ಹೆಚ್ಚುಕಡಿಮೆ ಒಂದೂವರೆ ಮೀಟರ್ ಚೌಕದ ಕೌದಿ. ಸೋಫಾದ ಮೇಲೆ ಹೊದೆಯಲು ಸಾಕು, ಡಬಲ್ ಕಾಟಿಗೆ ಸಾಲದು.

ಇನ್ನೊಂದು ಮಾತು. ಕಾಲಿಂಚು ಹೊಲಿಗೆಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ತ್ರಿಕೋನದ ತುದಿಯಲ್ಲಿ ಹೋಗುವುದು ಕಾಲಿಂಚಲ್ಲ. 60 ಡಿಗ್ರಿಯ ತುದಿಯಲ್ಲಿ ಅರ್ಧ ಇಂಚು ಒಳಗೆ ಸೇರಿಕೊಳ್ಳುತ್ತದೆ, ಅಷ್ಟಕೋನದ 45 ಡಿಗ್ರಿ ತುದಿಯಲ್ಲಿ 0.65 ಇಂಚು. ಷಟ್ಕೋನದ ನಡುವಿನಲ್ಲಿ ಹಳದಿ ಚುಕ್ಕೆ ಬರಲೆಂದು ಅದನ್ನು ತುದಿಗೇ ಇಟ್ಟು ಕತ್ತರಿಸಿದರೆ ಆ ಚುಕ್ಕೆ ಪೂರಾ ಹೊಲಿಗೆಯೊಳಗೆ ಹೋಗುತ್ತದೆ. ಅದಕ್ಕೇ ಏಳುಬಣ್ಣ ಅವರು ಹೇಳಿದ ಕಿಂಡಿ ಮೂರು ಇಂಚಿನದು, ಪಟ್ಟಿ ಮೂರೂಮುಕ್ಕಾಲರದು. ತುದಿಯಲ್ಲಿ ಅರ್ಧ, ಬುಡದಲ್ಲಿ ಕಾಲು.

ಹೊಸಹೊಲಿಗೆ (ಮೈಸೂರು)

ಮೇಷ್ಟ್ರೇ, ಏಳುಬಣ್ಣ ಅಕ್ಕ, ತುಂಬಾ ಉಪಕಾರವಾಯಿತು. ಅಳೆದು ಬಂದೆ. ನೈಟಿ ಬಟ್ಟೆ 64 ಸೆಂ.ಮೀ. ಕಲಂಕಾರಿಯ ಅಚ್ಚು ಉದ್ದಕ್ಕೂ ಅಡ್ಡಕ್ಕೂ ಸುಮಾರು 20 ಸೆಂ.ಮೀ. ಅಂದರೆ ಅದು ಒಂದೂಕಾಲು ಮೀಟರೇ ಸಾಕಲ್ಲವೇ? ಇನ್ನೊಂದು ಪ್ರಶ್ನೆ: ಎರಡು ಪುಟ್ಟ ಕನ್ನಡಿಗಳನ್ನು ಪುಸ್ತಕದಂತೆ ಅಂಟಿಸಿ 60 ಡಿಗ್ರಿಗೆ ತೆರೆದು ಬಟ್ಟೆಯ ಮೇಲೆ ನಿಲ್ಲಿಸಿ ನೋಡಿದೆ. ಹಿಮದ ಹರಳಿನಂಥ ರೂಪಗಳು. ಹೊಲಿದ ಮೇಲೂ ಹೀಗೆಯೇ ಬರುತ್ತದೆಯೇ?

ನೀಲಿ-ಮಂಜಿಷ್ಠ (ಬೆಂಗಳೂರು)

ಬರುವುದಿಲ್ಲ, ಮತ್ತು ಬಟ್ಟೆಯ ಆಯ್ಕೆಯಲ್ಲಿ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1817ರಲ್ಲಿ ಪೇಟೆಂಟ್ ಪಡೆದ ಕೆಲೈಡೋಸ್ಕೋಪ್ ಕೆಲಸ ಮಾಡುವುದು ಪ್ರತಿಬಿಂಬದಿಂದ. ಕನ್ನಡಿಯಲ್ಲಿ ಒಂದು ತ್ರಿಕೋನದ ಪಕ್ಕದಲ್ಲಿ ಕಾಣುವುದು ಅದರ ಎಡಬಲ ಅದಲುಬದಲಾದ ರೂಪ. ಹಾಗಾಗಿ ಎರಡೂ ಕೂಡುವ ಗೆರೆಯಲ್ಲಿ ಬಳ್ಳಿ ಬಳ್ಳಿಯನ್ನು ಮುಟ್ಟುತ್ತದೆ, ನೀಲಿ ನೀಲಿಯನ್ನು ಮುಟ್ಟುತ್ತದೆ. ಪೇರಿಸಿ ಕತ್ತರಿಸಿದ ಆರು ತ್ರಿಕೋನಗಳಲ್ಲಿ ಅದಲುಬದಲಾದದ್ದು ಒಂದೂ ಇರುವುದಿಲ್ಲ. ಒಂದೇ ತ್ರಿಕೋನ ಸುತ್ತ ತಿರುಗಿದಂತೆ ಕಾಣುತ್ತದೆ, ಗಾಳಿಗಿರಗಟ್ಟೆಯ ಹಾಗೆ. ಒಂದರ ಎಡ ಅಂಚು ಇನ್ನೊಂದರ ಬಲ ಅಂಚಿಗೆ ತಾಗುವುದರಿಂದ ಹೊಲಿಗೆಯ ಗೆರೆಯಲ್ಲಿ ಬಣ್ಣ ಥಟ್ಟನೆ ಬದಲಾಗುತ್ತದೆ. ಎರಡೂ ಚೆಂದವೇ, ಆದರೆ ಬೇರೆಬೇರೆ ಚೆಂದ. ತಿರುಗುವ ರೂಪವನ್ನು ಮೊದಲೇ ನೋಡಬೇಕೆಂದರೆ ಬಟ್ಟೆಯ ಫೋಟೊವನ್ನು ಆರು ಪ್ರತಿ ಮುದ್ರಿಸಿ ಒಂದೇ ಜಾಗದ ತ್ರಿಕೋನಗಳನ್ನು ಕತ್ತರಿಸಿ ಜೋಡಿಸಿ ನೋಡಿ.

ನಿಜವಾದ ಪ್ರತಿಬಿಂಬವೇ ಬೇಕೆಂದರೆ ನಮ್ಮ ದೇಶದ ಬಟ್ಟೆಗಳಲ್ಲಿ ಎರಡು ದಾರಿಗಳಿವೆ.

ಚಿತ್ತಾರವೇ ಎಡಬಲ ಸಮವಾಗಿರುವ ಬಟ್ಟೆ ಆರಿಸುವುದು ಒಂದು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೌದಿ ಹೊಲಿಯುವ ಪೌಲಾ ನಾಡೆಲ್‌ಸ್ಟರ್ನ್ ಅವರ ಕೆಲೈಡೋಸ್ಕೋಪ್ ಕೌದಿಗಳ ಗುಟ್ಟು ಇದೇ. 2009ರಲ್ಲಿ ಅಮೆರಿಕನ್ ಫೋಕ್ ಆರ್ಟ್ ಮ್ಯೂಸಿಯಂನಲ್ಲಿ ಆ ಕೌದಿಗಳದೇ ಪ್ರದರ್ಶನ ನಡೆದಿತ್ತು. ಸಮ ಚಿತ್ತಾರದ ನಡುಗೆರೆ ತ್ರಿಕೋನದ ನಡುಗೆರೆಯ ಮೇಲೆ ಕೂರುವಂತೆ ಕತ್ತರಿಸಿದರೆ ತ್ರಿಕೋನದ ಎಡ ಅಂಚು ಅದರ ಬಲ ಅಂಚಿನ ಪ್ರತಿಬಿಂಬವಾಗುತ್ತದೆ. ಆಗ ಅಂಥವನ್ನು ಎಷ್ಟು ಜೋಡಿಸಿದರೂ ಹೊಲಿಗೆಯಲ್ಲಿ ಚಿತ್ತಾರ ಮುರಿಯುವುದಿಲ್ಲ, ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಕಚ್ಛ್‌ನ ಅಜ್ರಕ್ ಎಂಬ ಕೈ ಅಚ್ಚಿನ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದಂತಿದೆ: ನಕ್ಷತ್ರ, ಜಾಲರಿ, ಹೂ ಎಲ್ಲವೂ ಎಡಬಲ ಸಮ. ನೀಲಿ, ಮಂಜಿಷ್ಠದ ಕೆಂಪು, ಕಪ್ಪು, ಬಿಳಿ. ಕಪ್ಪುಬಿಳುಪಿನ ಫೋಟೊ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಗೆಲ್ಲುತ್ತದೆ.

ಇನ್ನೊಂದು, ಎರಡೂ ಮುಖ ಒಂದೇ ಆಗಿರುವ ಬಟ್ಟೆ. ಮೇಣ ಎರಡೂ ಬದಿಗೆ ಇಳಿದ ಬಾಟಿಕ್, ನೂಲಿಗೇ ಬಣ್ಣ ಕಟ್ಟಿ ನೇಯ್ದ ಪೋಚಂಪಳ್ಳಿ ಇಕ್ಕತ್, ಎರಡೂ ಬದಿಗೆ ಅಚ್ಚೊತ್ತುವ ಹಳೆಯ ಪದ್ಧತಿಯ ಅಜ್ರಕ್. ಇವುಗಳ ಹಿಂಬದಿ ಮುಂಬದಿಯ ಪ್ರತಿಬಿಂಬ. ಮೂರು ತ್ರಿಕೋನ ಮುಂಬದಿಯಿಂದ, ಮೂರು ಹಿಂಬದಿಯಿಂದ ತೆಗೆದು ಒಂದು ಬಿಟ್ಟು ಒಂದರಂತೆ ಜೋಡಿಸಿದರೆ ಕನ್ನಡಿಯಲ್ಲಿ ಕಂಡದ್ದೇ ಕೌದಿಗೆ ಇಳಿಯುತ್ತದೆ. ಒಂದೇ ಬದಿಗೆ ಅಚ್ಚಾದ ನೈಟಿ ಬಟ್ಟೆಯಲ್ಲಿ ಹಿಂಬದಿ ಮಂಕು, ಅದು ಆಗದು.

ಕಲಂಕಾರಿಯ ಬಗ್ಗೆ: ಪದರ ಪೇರಿಸುವ ವಿಧಾನಕ್ಕೆ ಕೈ ಅಚ್ಚಿನ ಬಟ್ಟೆ ಒಗ್ಗುವುದಿಲ್ಲ. ಕುಶಲಕರ್ಮಿ ಅಚ್ಚನ್ನು ಪ್ರತಿ ಸಲ ಕೈಯಿಂದ ಇಟ್ಟು ಒತ್ತುತ್ತಾನೆ. ಒಂದೆರಡು ಮಿಲಿಮೀಟರ್ ಅತ್ತಿತ್ತ ಸರಿಯುವುದು ಆ ಕೆಲಸದ ಸ್ವಭಾವ, ಅದೇ ಅದರ ಜೀವ. ಮೇಲಿನ ಪದರದಲ್ಲಿ ಎಲೆಯ ತುದಿಗೆ ಚುಚ್ಚಿದ ಗುಂಡುಸೂಜಿ ಆರನೆಯ ಪದರದಲ್ಲಿ ನೆಲಕ್ಕೆ ಬಂದಿರುತ್ತದೆ. ಅಂಥ ಬಟ್ಟೆಯನ್ನು ಪೇರಿಸದೆ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ತ್ರಿಕೋನದ ಮಾದರಿ ಮಾಡಿ, ಅದರ ಮೇಲೆ ಚಿತ್ತಾರದ ನಾಲ್ಕು ಗೆರೆಗಳನ್ನು ಬರೆದುಕೊಂಡು, ಪ್ರತಿ ತ್ರಿಕೋನವನ್ನೂ ಬಿಡಿಬಿಡಿಯಾಗಿ ಕತ್ತರಿಸಬೇಕು. ಅಜ್ರಕ್‌ಗೂ ಇದೇ ಮಾತು. ಸಮಯ ಹಿಡಿಯುತ್ತದೆ, ಆದರೆ ಬಟ್ಟೆ ಕಡಿಮೆ ಸಾಕು.

ಲೆಕ್ಕದ ಮೇಷ್ಟ್ರು (ಶಿವಮೊಗ್ಗ)

ಅವರ ಮಾತಿಗೆ ಒಂದು ಸೇರಿಸುತ್ತೇನೆ. ಅಚ್ಚು ಉದ್ದಕ್ಕೂ ಅಡ್ಡಕ್ಕೂ 20 ಸೆಂ.ಮೀ. ಎಂದರೆ, ಬಟ್ಟೆಯಲ್ಲಿ ನಿಜವಾಗಿ ಇರುವ ಹೊಸತನ ಒಂದು ಕರ್ಚೀಫಿನಷ್ಟು ಮಾತ್ರ. ಒಂದೂಕಾಲು ಮೀಟರಿನಲ್ಲಿ 36 ಷಟ್ಕೋನ ಬಂದರೂ ಒಂದನ್ನೊಂದು ಹೋಲುವವು ಬಹಳ. ತ್ರಿಕೋನದ ಜಾಗ ಅಚ್ಚಿನ ಮೇಲೆ ಸ್ವಲ್ಪಸ್ವಲ್ಪ ಸರಿಯುತ್ತಾ ಹೋಗುವುದರಿಂದ ಒಂದಿಷ್ಟು ವೈವಿಧ್ಯ ಸಿಗುತ್ತದೆ, 64ರ ಬಟ್ಟೆಯಷ್ಟಲ್ಲ. ಕೊಳ್ಳುವಾಗ ಅಡ್ಡ ರಿಪೀಟನ್ನೂ ಅಳೆಯಿರಿ.

ಕುಟ್ಟುಸೂಜಿ (ಹಾವೇರಿ)

ಹೊಸ ಬಟ್ಟೆ ನಾಲ್ಕು ಮೀಟರ್ ಕೊಂಡು ತಂದು ಚೂರು ಮಾಡುವುದು ನನಗೆ ಒಪ್ಪಿಗೆಯಾಗದು. ನಮ್ಮ ಕಡೆ ಕೌದಿ ಎಂದರೆ ಹಳೆಯ ಸೀರೆ, ಹಳೆಯ ಧೋತರಕ್ಕೆ ಮತ್ತೊಂದು ಆಯುಷ್ಯ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳ ಕವಂದಿಯನ್ನು ನೋಡಿ: ಸಿಕ್ಕ ಹಳೆಯ ತುಂಡುಗಳನ್ನೇ ಅಂಚಿನಿಂದ ನಡುವಿನ ಕಡೆಗೆ ಸುತ್ತುತ್ತಾ ಹೊಲಿದು ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಯಾವ ಅಳತೆಪಟ್ಟಿಯೂ ಇಲ್ಲದೆ ಎಂಥ ಬಣ್ಣಗಾರಿಕೆ! ಹಳೆಯ ಬಟ್ಟೆಯಲ್ಲಿ ಈ ಕೆಲೈಡೋಸ್ಕೋಪ್ ಆಗುತ್ತದೆಯೋ ಇಲ್ಲವೋ ಹೇಳಿ.

ಏಳುಬಣ್ಣ (ನ್ಯೂಜೆರ್ಸಿ)

ಆಗುತ್ತದೆ. ನಿಮ್ಮ ಮಾತಿನಲ್ಲಿ ತೂಕವಿದೆ, ಅದಕ್ಕೆ ಸರಿಯಾಗಿ ಉತ್ತರಿಸಬೇಕು. ಸಿಕ್ಕ ತುಂಡುಗಳಿಂದ ಹೊಲಿಯುವುದರಲ್ಲಿ ತುಂಡು ಹೇಗಿದೆಯೋ ಹಾಗೆ ಕೌದಿ ಬೆಳೆಯುತ್ತದೆ. ಇಲ್ಲಿ ಒಂದೇ ಚಿತ್ತಾರ ಆರು ಸಲ ಸಿಗಲೇಬೇಕು, ಅದೊಂದು ನಿರ್ಬಂಧ. ಆ ನಿರ್ಬಂಧಕ್ಕೆ ಒಗ್ಗುವ ಹಳೆಯ ಬಟ್ಟೆ ನಮ್ಮ ಮನೆಗಳಲ್ಲೇ ಇದೆ: ಪ್ರಿಂಟಾದ ಹತ್ತಿ ಸೀರೆ. ಐದೂವರೆ ಮೀಟರ್ ಒಂದೇ ಚಿತ್ತಾರ ಇನ್ನೆಲ್ಲಿ ಸಿಗುತ್ತದೆ? ಜೈಪುರದ ದೊಡ್ಡ ಹೂವಿನ ಡಬಲ್ ಬೆಡ್‌ಶೀಟ್ ಕೂಡ ಒದಗುತ್ತದೆ. ಉದ್ದಕ್ಕೆ ಆರು ರಿಪೀಟ್ ಸಿಗದಿದ್ದರೂ ಅಡ್ಡಕ್ಕೆ ಅದೇ ಚಿತ್ತಾರ ಮರುಕಳಿಸಿರುತ್ತದೆ, ಅಲ್ಲಿಂದ ಪದರ ತೆಗೆಯಬಹುದು. ಬೆಡ್‌ಶೀಟಿನ ನೇಯ್ಗೆ ಬಿಗಿ, ಕೈಸೂಜಿಗೆ ಗಟ್ಟಿ. ಯಂತ್ರದಲ್ಲಿ ಹೊಲಿಯುವವರಿಗೆ ತೊಂದರೆಯಿಲ್ಲ.

ಹಳೆಯ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ನೆರಿಗೆ ಬೀಳುವ ಕಡೆ, ಕೂರುವ ಕಡೆ ನೂಲು ಸವೆದಿದ್ದರೆ ಆ ಭಾಗವನ್ನು ಬಿಡಿ. ಮಲ್‌ಮಲ್‌ನಂಥ ತೆಳುವಾದದ್ದು ಬೇಡ, ಒಳಗಿನ ಹೊಲಿಗೆ ಹೊರಗೆ ಕಾಣುತ್ತದೆ. ರೇಯಾನ್ ಕೂಡ ಬೇಡ, ಪದರಗಳು ಜಾರುತ್ತವೆ.

ಲೆಕ್ಕದ ಮೇಷ್ಟ್ರು (ಶಿವಮೊಗ್ಗ)

ಸೀರೆಯ ಲೆಕ್ಕ: ಐದೂವರೆ ಮೀಟರಿನಲ್ಲಿ ಸೆರಗಿಗೆ ಸುಮಾರು ಒಂದು ಮೀಟರ್ ಕಳೆದರೆ ಒಡಲು ನಾಲ್ಕೂವರೆ ಮೀಟರ್. 64ರ ರಿಪೀಟ್ ಆದರೆ ಏಳು ಬರುತ್ತವೆ. ಷಟ್ಕೋನಕ್ಕೆ ಸಾಕು, ಅಷ್ಟಕೋನಕ್ಕೆ ಒಂದು ಕಡಿಮೆ. ಎರಡೂ ಕಡೆ ಹತ್ತು ಸೆಂ.ಮೀ. ಅಂಚಿದ್ದರೆ ಪನ್ನ 90ಕ್ಕೆ ಇಳಿಯುತ್ತದೆ, ಒಂದು ಪಟ್ಟಿಯಲ್ಲಿ 18ರ ಬದಲು 14 ತ್ರಿಕೋನ. ಆದರೆ ಕತ್ತರಿಸಿ ತೆಗೆದ ಅಂಚುಗಳು ಎರಡೂ ಸೇರಿ ಒಂಬತ್ತು ಮೀಟರ್ ಆಗುತ್ತವೆ. ಕೌದಿಯ ಸುತ್ತ ಹೊಲಿಯಲು ಅಷ್ಟು ಬೇಕಾದಷ್ಟಾಯಿತು.

ಕುಟ್ಟುಸೂಜಿ (ಹಾವೇರಿ)

ಹಾಗಿದ್ದರೆ ನನ್ನ ತಕರಾರಿಲ್ಲ. ಬಟ್ಟೆ ತಯಾರಿಯ ಬಗ್ಗೆ ನಾನು ಹೇಳುವುದಿದೆ.

ಅಮೆರಿಕದವರಲ್ಲಿ ಈ ವಿಧಾನಕ್ಕೆ ಬಟ್ಟೆಯನ್ನು ಒಗೆಯದೆ ಕತ್ತರಿಸುವವರು ಬಹಳ, ಒಗೆದರೆ ಚಿತ್ತಾರ ಎಳೆದಾಡುತ್ತದೆಂದು. ನಮ್ಮ ಬಟ್ಟೆಗಳನ್ನು ಒಗೆಯಲೇಬೇಕು. ಕುಗ್ಗುತ್ತವೆ, ಬಣ್ಣವೂ ಬಿಡುತ್ತವೆ. ಕಡುನೀಲಿ, ಕೆಂಪಿನ ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ಒಗೆಯಿರಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆಯ ಮೇಲೆ ಒಂದೂವರೆ ಮೀಟರ್ ಕೌದಿಯನ್ನು ಪಣಕ್ಕಿಡಬೇಡಿ. ಕೊನೆಗೆ ಬಿಳಿಯ ಚೂರೊಂದನ್ನು ಒದ್ದೆ ಬಟ್ಟೆಯ ಜತೆ ಸುತ್ತಿ ರಾತ್ರಿಯಿಡೀ ಇಟ್ಟು ನೋಡಿ. ಕಲೆ ಬಿದ್ದರೆ ಆ ಬಟ್ಟೆ ಬೇಡ.

ಒಗೆದ ಮೇಲೆ ಗಟ್ಟಿ ಗಂಜಿ ಹಾಕಿ. ತ್ರಿಕೋನದ ಒಂದು ಬದಿ ಮಾತ್ರ ನೂಲಿನ ನೇರಕ್ಕಿರುತ್ತದೆ, ಉಳಿದೆರಡು ಓರೆ. ಓರೆ ಅಂಚು ಕೈ ತಾಗಿದರೆ ಸಾಕು ಹಿಗ್ಗುತ್ತದೆ, ಆಮೇಲೆ ಷಟ್ಕೋನ ನಡುವೆ ಉಬ್ಬುತ್ತದೆ. ಗಂಜಿ ಅದನ್ನು ಹಿಡಿದಿಡುತ್ತದೆ. ಇಸ್ತ್ರಿಯನ್ನು ಎತ್ತಿ ಎತ್ತಿ ಇಡಿ, ಎಳೆಯಬೇಡಿ. ಚಿತ್ತಾರ ನೇಯ್ಗೆಗೆ ಸೊಟ್ಟಗಿದ್ದರೆ ನೂಲಿನ ನೇರವನ್ನು ಬಿಟ್ಟು ಚಿತ್ತಾರದ ನೇರಕ್ಕೇ ಕತ್ತರಿಸಿ.

ಹತ್ತಿಯೋ ಅಲ್ಲವೋ ಎಂಬ ಅನುಮಾನವಿದ್ದರೆ ನಾಲ್ಕು ಎಳೆ ತೆಗೆದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಅಂಥದ್ದರ ಮಡಿಕೆ ಇಸ್ತ್ರಿಗೆ ಕೂರುವುದಿಲ್ಲ, ಆರು ತುದಿಗಳು ಸೇರುವ ನಡುಭಾಗ ಗಂಟಾಗುತ್ತದೆ.

ಹೊಸಹೊಲಿಗೆ (ಮೈಸೂರು)

ನೈಟಿ ಬಟ್ಟೆಯೇ ಎಂದು ನಿರ್ಧರಿಸಿದೆ. ನಾಲ್ಕೂಕಾಲು ಮೀಟರ್ ತಂದು ಒಗೆದಿದ್ದೇನೆ, ನೀರು ಈಗ ತಿಳಿಯಾಗಿದೆ. ಕಲಂಕಾರಿಯನ್ನೂ ಒಂದು ಮೀಟರ್ ತಂದೆ, ನೀಲಿ-ಮಂಜಿಷ್ಠ ಅವರು ಹೇಳಿದಂತೆ ಬಿಡಿಬಿಡಿಯಾಗಿ ಕತ್ತರಿಸಿ ದಿಂಬಿನ ಚೀಲ ಮಾಡುವೆ. ಕೊನೆಯ ಪ್ರಶ್ನೆ: ಷಟ್ಕೋನಗಳನ್ನು ಜೋಡಿಸಿದ ಮೇಲೆ ಸುತ್ತಲಿನ ಪಟ್ಟಿಗೆ ಅದೇ ಹೂವಿನ ಬಟ್ಟೆ ಇಡಲೇ, ಬೇರೆಯದೇ?

ನೀಲಿ-ಮಂಜಿಷ್ಠ (ಬೆಂಗಳೂರು)

ಸಾದಾ ಬಟ್ಟೆ ಇಡಿ. ಅದೇ ಹೂವಿನ ಬಟ್ಟೆ ಸುತ್ತಲೂ ಬಂದರೆ ಕಣ್ಣು ಇಡೀ ಹೂವಿನ ಕಡೆಗೇ ಓಡುತ್ತದೆ, ಷಟ್ಕೋನಗಳು ಹಿಂದೆ ಸರಿಯುತ್ತವೆ.

ಏಳುಬಣ್ಣ (ನ್ಯೂಜೆರ್ಸಿ)

ನಾನಾದರೆ ತೆಳ್ಳಗೆ ಒಂದು ಪಟ್ಟಿ ಅದೇ ಬಟ್ಟೆಯದು ಇಡುತ್ತೇನೆ. ಈ ಷಟ್ಕೋನಗಳೆಲ್ಲ ಹುಟ್ಟಿದ್ದು ಯಾವುದರಿಂದ ಎಂದು ನೋಡುವವರಿಗೆ ತಿಳಿಯಬೇಕು, ಆ ಬೆರಗು ಅವರಿಗೂ ಸಿಗಬೇಕು. ಆದರೆ ನೀವು ತಂದಿರುವ ಅಳತೆಯಲ್ಲಿ ಆರು ಪದರ ತೆಗೆದ ಮೇಲೆ ಪಟ್ಟಿಗೆ ಉಳಿಯುವುದಿಲ್ಲ. ಅಂಗಡಿಯಲ್ಲಿ ಅದೇ ಥಾನು ಇನ್ನೂ ಇದ್ದರೆ ಅರ್ಧ ಮೀಟರ್ ತನ್ನಿ. ಬೇರೆ ಥಾನಾದರೆ ನೀಲಿಯ ಛಾಯೆ ಬದಲಾಗಿರಬಹುದು, ಚೂರೊಂದನ್ನು ಒಯ್ದು ಹಗಲು ಬೆಳಕಿನಲ್ಲಿ ಹೋಲಿಸಿ ನೋಡಿ. ಸಿಗದಿದ್ದರೆ ನೀಲಿ-ಮಂಜಿಷ್ಠ ಅವರ ಮಾತೇ ಸರಿ: ಹೂಗಳ ಹಿಂದಿನ ಆ ಕಡುನೀಲಿಯದೇ ಸಾದಾ ಪಾಪ್ಲಿನ್, ಹನ್ನೆರಡು ಸೆಂ.ಮೀ. ಪಟ್ಟಿಗೂ ಅಂಚು ಕಟ್ಟಲಿಕ್ಕೂ ಸೇರಿ ಒಂದೂವರೆ ಮೀಟರ್. ಅದನ್ನೂ ಒಗೆದು ಬಣ್ಣ ಬಿಡುತ್ತದೆಯೇ ನೋಡಿದ ಮೇಲೆಯೇ ಕತ್ತರಿ ಹಾಕಿ.